ಕಡಲು ಬಿಟ್ಟುಕೊಡುವ ದಾರಿ

ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಮರಾಜಿಯನ್ ಎಂಬ ಕಡಲೂರು. ಅದರೆದುರು, ಅರ್ಧ ಕಿಲೋಮೀಟರಿನಷ್ಟು ದೂರದಲ್ಲಿ, ನೆತ್ತಿಯ ಮೇಲೆ ಕೋಟೆಮನೆ ಹೊತ್ತ ಸೇಂಟ್ ಮೈಕೆಲ್ಸ್ ಮೌಂಟ್. ಉಬ್ಬರದಲ್ಲಿ ಅದು ಅಪ್ಪಟ ದ್ವೀಪ. ಇಳಿತ ಶುರುವಾಯಿತೆಂದರೆ ನೀರು ಸರಿದು, ಕಲ್ಲು ಹಾಸಿದ ದಾರಿಯೊಂದು ಮೆಲ್ಲಗೆ ಮೈದೋರುತ್ತದೆ.

ಆ ಕಲ್ಲುಗಳ ಮೈ ಅಲೆಗಳ ತಿಕ್ಕಾಟಕ್ಕೆ ಸವೆದಿದೆ. ಸಂದುಗಳಲ್ಲಿ ಒದ್ದೆ ಮರಳು, ಅಂಚಿನಲ್ಲಿ ಕಂದು ಬಣ್ಣದ ಕಡಲಪಾಚಿ. ಅವಸರಪಟ್ಟವರ ಕಾಲು ಜಾರುತ್ತದೆ; ನಿಧಾನ ಇಲ್ಲಿ ನಡಿಗೆಯ ಮೊದಲ ಪಾಠ. ಗುಡ್ಡದ ಸುತ್ತಲಿನ ಕೊಲ್ಲಿಯಲ್ಲಿ, ಬಿರುಗಾಳಿ ಮರಳನ್ನು ಕೊಚ್ಚಿಕೊಂಡು ಹೋದಾಗ, ಸಾವಿರಾರು ವರ್ಷಗಳ ಹಿಂದೆ ಮುಳುಗಿದ ಕಾಡಿನ ಬುಡಗಳೂ ಇಳಿತದಲ್ಲಿ ಕಾಣಸಿಗುತ್ತವೆ.

ಮಧ್ಯಯುಗದಲ್ಲಿ ಈ ಗುಡ್ಡ ನಾರ್ಮಂಡಿಯ ಮಾಂ ಸೇಂ ಮಿಶೆಲ್ ಮಠದ ಬೆನಡಿಕ್ಟೀನ್ ಸನ್ಯಾಸಿಗಳದಾಗಿತ್ತು. 12ನೇ ಶತಮಾನದಲ್ಲಿ ಅವರು ನೆತ್ತಿಯಲ್ಲಿ ಚರ್ಚು ಕಟ್ಟಿದರು. ಮಠ ಹೋಗಿ ಕೋಟೆಯ ಕಾಲ ಬಂತು; 1588ರಲ್ಲಿ ಸ್ಪೇನಿನ ನೌಕಾಪಡೆ ಬರುತ್ತಿದೆಯೆಂದು ನಾಡಿಗೆ ಸಾರುವ ಬೆಂಕಿ ಉರಿದದ್ದು ಇಲ್ಲಿಯೇ. 1659ರಲ್ಲಿ ಸೇಂಟ್ ಆಬಿನ್ ಮನೆತನ ಇದನ್ನು ಕೊಂಡಿತು. 1954ರಲ್ಲಿ ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದರೂ, 999 ವರ್ಷಗಳ ಗೇಣಿಯ ಮೇಲೆ ಮನೆತನದ ವಾಸ ಇನ್ನೂ ಅಲ್ಲೇ.

ಕೋಟೆಮನೆಯ ಒಳಗೊಂದು ಕೋಣೆಯಿದೆ, ಹಿಂದೆ ಸನ್ಯಾಸಿಗಳ ಊಟದ ಮನೆ. ಮೌನವಾಗಿ ಉಣ್ಣುತ್ತಿದ್ದವರ ಆ ಜಾಗದಲ್ಲಿ, ಗೋಡೆಗಳ ಮೇಲಂಚಿನುದ್ದಕ್ಕೂ 17ನೇ ಶತಮಾನದ ಗಾರೆಯ ಉಬ್ಬುಶಿಲ್ಪ: ಓಡುವ ಮೃಗಗಳು, ಬೆನ್ನಟ್ಟುವ ನಾಯಿಗಳು, ಬೇಟೆಗಾರರು. ಹೊಸಬರು ಹಳೆಯ ಗೋಡೆಯನ್ನು ಕೆಡವಲಿಲ್ಲ, ಅದರ ಮೇಲೆಯೇ ತಮ್ಮ ಸಂಭ್ರಮವನ್ನು ಮೂಡಿಸಿದರು. ಮೌನವೂ ಬೇಟೆಯ ಕೋಲಾಹಲವೂ ಒಂದೇ ಸೂರಿನಡಿ ಹೊಂದಿಕೊಂಡಿರುವುದನ್ನು ಕತ್ತೆತ್ತಿ ನೋಡುತ್ತ ನಿಲ್ಲುವುದೇ ಒಂದು ಸುಖ.

ಮಾಂ ಸೇಂ ಮಿಶೆಲ್ ಮಠವಿರುವ, ಇದೇ ಬಗೆಯ ನಾರ್ಮಂಡಿಯ ಹಿರಿಯ ಗುಡ್ಡಕ್ಕೆ 1879ರಲ್ಲಿ ಎತ್ತರದ ಏರಿರಸ್ತೆ ಹಾಕಿದರು. ನೀರಿನ ಓಟಕ್ಕೆ ತಡೆಯಾಗಿ ಸುತ್ತಲೂ ಹೂಳು ತುಂಬುತ್ತ ಬಂತು. ಹೂಳನ್ನು ತೊಳೆದು ಕಡಲನ್ನು ಮರಳಿ ಕರೆಯಲು ಅಣೆಕಟ್ಟು ಕಟ್ಟಿ, 2014ರಲ್ಲಿ ಕಂಬಗಳ ಸೇತುವೆ ತೆರೆದು, ಹಳೆಯ ರಸ್ತೆಯನ್ನು ಕಿತ್ತುಹಾಕಬೇಕಾಯಿತು. ಮರಾಜಿಯನ್‌ನ ದಾರಿ ಮಾತ್ರ ತಗ್ಗಾಗಿಯೇ ಉಳಿಯಿತು. ಇಂದಿಗೂ ಸೇಂಟ್ ಮೈಕೆಲ್ಸ್ ಮೌಂಟ್‌ನ ಕೆಲವೇ ಮನೆಗಳ ಜನ ಇಳಿತದ ವೇಳಾಪಟ್ಟಿ ನೋಡಿಕೊಂಡು ಬದುಕು ನಡೆಸುತ್ತಾರೆ. ನೀರು ಏರಿದ್ದರೆ ದೋಣಿ ಹಿಡಿಯುತ್ತಾರೆ. ಕಟ್ಟಿದ್ದನ್ನು ಮೆಚ್ಚುವುದು ಸುಲಭ. ಇಲ್ಲಿ ನನಗೆ ಎಲ್ಲಕ್ಕಿಂತ ಚೆಲುವಾಗಿ ಕಾಣುವುದು, ಆ ದಾರಿಯನ್ನು ಉಬ್ಬರದ ಮೇಲಕ್ಕೆ ಎತ್ತರಿಸದೆ ಬಿಟ್ಟ ಸಂಯಮ.