ನೀಲಿ ಜಿಲೇಟಿನ್ ಮತ್ತು ನಮ್ಮ ಮಾರಿ

ದಲಿತ ವಿಮರ್ಶೆ ಇಲ್ಲಿಯತನಕ ಓದಿದ್ದು ಹೆಚ್ಚಾಗಿ ಅಕ್ಷರವನ್ನು. ಕಾವ್ಯ, ಕತೆ, ಆತ್ಮಕಥನಗಳ ಸುತ್ತ ನಾವು ಸಾಕಷ್ಟು ಜಗಳಾಡಿದ್ದೇವೆ. ಯಾರು ಬರೆಯಬೇಕು, ಯಾರ ಭಾಷೆಯಲ್ಲಿ ಬರೆಯಬೇಕು, ಅನುಭವದ ಅಧಿಕೃತತೆ ಎಂದರೇನು ಎಂದೆಲ್ಲ ಕೇಳಿಕೊಂಡಿದ್ದೇವೆ. ಆದರೆ ಪುಸ್ತಕ ಬರುವ ಮೊದಲೇ ನಮ್ಮ ಕೇರಿಗಳ ಗೋಡೆ ಮೇಲೆ ಬಂದು ಕುಂತದ್ದು ಫೋಟೋ. ಒಂದೂ ಪುಸ್ತಕ ಇಲ್ಲದ ಮನೆ ನಮ್ಮಲ್ಲಿ ಬೇಕಾದಷ್ಟಿವೆ. ಬಾಬಾಸಾಹೇಬರದೊಂದು ಪಟ, ತೀರಿಹೋದ ಹಿರಿಯರದೊಂದು ಫ್ರೇಮು ಇಲ್ಲದ ಮನೆ ಕಡಿಮೆ. ಈ ಪಟಗಳಿಗೆ ಹಾರ ಹಾಕಿದ್ದೇವೆ, ಹೊತ್ತು ಮೆರವಣಿಗೆ ಮಾಡಿದ್ದೇವೆ, ಓದಿಲ್ಲ. ಆ ಮಾರಿಯ ಮೇಲೆ ಬಿದ್ದ ಬೆಳಕು ಎಲ್ಲಿಂದ ಬಂತು, ಯಾರು ಬೀಳಿಸಿದರು ಅಂತ ಕೇಳಿಲ್ಲ. ಖಾನಾಪುರದ ನನ್ನ ವಿದ್ಯಾರ್ಥಿಯೊಬ್ಬ ತೆಗೆದ 12 ಫೋಟೋಗಳು ನನ್ನನ್ನು ಈ ಪ್ರಶ್ನೆಗೆ ಹಚ್ಚಿದವು. ಅವುಗಳಿಗೆ ಬರುವ ಮುಂಚೆ ನಮ್ಮ ಆಯಿಯ ಫೋಟೋದ ಮಾತು ಹೇಳಬೇಕು.

ಆಯಿ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತಾಕಿ. ಆಕೆ ತೀರಿಕೊಂಡಾಗ ಮನೆಯಲ್ಲಿದ್ದದ್ದು ಮತದಾರರ ಗುರುತಿನ ಚೀಟಿಯ ಒಂದೇ ಒಂದು ಕಪ್ಪುಬಿಳುಪು ಚಿತ್ರ. ಅದನ್ನೇ ಬೆಳಗಾವಿಯ ಒಂದು ಸ್ಟುಡಿಯೋಕ್ಕೆ ಒಯ್ದು ದೊಡ್ಡದು ಮಾಡಲು ಕೊಟ್ಟೆವು. ಮೂರು ದಿನ ಬಿಟ್ಟು ಫ್ರೇಮು ಬಂತು. ಗುಲಾಬಿ ಗಲ್ಲ, ಜರಿಯಂಚಿನ ಸೀರೆ, ಹಿಂದೆ ಯಾವುದೋ ಊರಿನ ಹೂದೋಟ. ಅವ್ವ ಬಹಳ ಹೊತ್ತು ನೋಡಿ, "ಈಕಿ ಯಾರs?" ಅಂದಳು. ಸ್ಟುಡಿಯೋದ ಹುಡುಗ ಅದಕ್ಕೆ ಹೆಚ್ಚಿಗೆ ರೊಕ್ಕ ಕೇಳಿರಲಿಲ್ಲ. "ಚಂದ ಮಾಡೇನ್ರಿ" ಅಂದಿದ್ದ, ಅಷ್ಟೇ. ಅವನ ಮಾತಿನಲ್ಲಿ ಕುಹಕ ಇರಲಿಲ್ಲ, ಸತ್ತ ಮುದುಕಿಗೆ ತನ್ನ ಕೈಲಾದ ಮರ್ಯಾದೆ ಮಾಡಿದ್ದ. ನನಗೆ ಇವತ್ತಿಗೂ ಬಿಡಿಸಲಾಗದ ಗಂಟು ಇದೇ. ಬೈದವನ ಮೇಲೆ ಸಿಟ್ಟು ಮಾಡಬಹುದು, ಪ್ರೀತಿಯಿಂದ ಬಣ್ಣ ಬಳಿದವನ ಮೇಲೆ ಏನು ಮಾಡುವುದು?

ಬಹಳ ವರ್ಷ ನಾನು ಸ್ಟುಡಿಯೋವನ್ನೇ ಬೈಯುತ್ತ ಬಂದೆ. ಆಮೇಲೆ ತಿಳಿದದ್ದು, ತಪ್ಪು ಅದಕ್ಕೂ ಮೊದಲೇ ಆಗಿತ್ತು. ಕ್ಯಾಮೆರಾದೊಳಗಿನ ಬೆಳಕಿನ ಮೀಟರಿಗೆ ಮಾರಿ ಯಾವುದು, ಗೋಡೆ ಯಾವುದು ಗೊತ್ತಾಗುತ್ತಿರಲಿಲ್ಲ. ಎದುರಿಗಿರುವುದೆಲ್ಲ ಸರಾಸರಿ ನಡುಮಧ್ಯದ ಬೂದು ಬಣ್ಣ ಅಂತಲೇ ಅದು ಲೆಕ್ಕ ಹಾಕುವುದು. ಬಿದ್ದ ಬೆಳಕಿನ ನೂರಕ್ಕೆ 18 ಪಾಲನ್ನು ತಿರುಗಿ ಕೊಡುವ ಬೂದು ಎಂದು ಪಾಠದ ಪುಸ್ತಕಗಳು ಹೇಳುತ್ತವೆ. ಗುರುತಿನ ಚೀಟಿಗೆ ಹಿಂದೆ ಬಿಳಿ ಬಟ್ಟೆ ಕಟ್ಟುತ್ತಾರೆ. ಮೀಟರು ಬಟ್ಟೆ ನೋಡಿ ಬೆಳಕು ಜಾಸ್ತಿ ಆಯ್ತು ಅಂದುಕೊಂಡು ಕಡಿಮೆ ಮಾಡುತ್ತದೆ. ಗೌರವರ್ಣದವರ ಮಾರಿ ಆ ಕಡಿತದಲ್ಲೂ ಉಳಿಯುತ್ತದೆ. ನಮ್ಮಂಥವರದು ಕಣ್ಣು ಮೂಗು ಸಮೇತ ಕತ್ತಲಾಗುತ್ತದೆ.

ಬೆಳಕಿಗೆ ಜಾತಿ ಇಲ್ಲ ಅಂತ ನನ್ನ ಸಹೋದ್ಯೋಗಿಯೊಬ್ಬರು ವಾದ ಹೂಡಿದರು. ಬೆಳಕಿಗೆ ಇಲ್ಲದಿರಬಹುದು, ಫಿಲ್ಮಿಗೆ ಇತ್ತು. ಬಣ್ಣ ಸರಿ ಬಂದಿದೆಯೋ ಇಲ್ಲವೋ ನೋಡಲು ಕೊಡಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಕಾರ್ಡಿಗೆ 'ಶರ್ಲಿ' ಅಂತ ಹೆಸರು; ದಶಕಗಟ್ಟಲೆ ಅದರಲ್ಲಿದ್ದದ್ದು ಬಿಳಿಯ ಹೆಂಗಸಿನ ಚಿತ್ರ. ಆಕೆಯ ಚರ್ಮ ಸರಿ ಬಂದರೆ ಜಗತ್ತೇ ಸರಿ ಬಂದಂತೆ. ಕಪ್ಪು ಬಣ್ಣದ ಸೂಕ್ಷ್ಮಗಳು ಫಿಲ್ಮಿನಲ್ಲಿ ಸಿಗುವುದಿಲ್ಲ ಎಂದು ಕಂಪನಿಗೆ ಒತ್ತಾಯ ತಂದವರಲ್ಲಿ ಚಾಕೊಲೇಟು ಮತ್ತು ಮರದ ಪೀಠೋಪಕರಣದ ವ್ಯಾಪಾರಿಗಳಿದ್ದರು ಎಂದು ಕೆನಡಾದ ಸಂಶೋಧಕಿ ಲೋರ್ನಾ ರಾತ್ ಬರೆದಿದ್ದಾರೆ. ಮೇಜು ಕುರ್ಚಿ ನೆಟ್ಟಗೆ ಕಾಣಲಿ ಅಂತ ಮಾಡಿದ ಸುಧಾರಣೆಯಲ್ಲಿ ಕಪ್ಪು ಮನುಷ್ಯರಿಗೂ ಒಂದಿಷ್ಟು ಪಾಲು ಸಿಕ್ಕಿತು ಅನ್ನೋಣ. 1970ರಲ್ಲಿ ಅಮೆರಿಕದ ಪೋಲರಾಯ್ಡ್ ಕಂಪನಿಯ ಇಬ್ಬರು ಕಪ್ಪು ನೌಕರರು, ಕೆರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್, ತಮ್ಮ ಕಂಪನಿಯ ಕ್ಯಾಮೆರಾಗಳು ದಕ್ಷಿಣ ಆಫ್ರಿಕದಲ್ಲಿ ಕಪ್ಪು ಜನರ ಪಾಸ್‌ಬುಕ್ಕಿಗೆ ಫೋಟೋ ತೆಗೆಯುತ್ತಿವೆ ಎಂದು ಕಂಡುಹಿಡಿದು ಚಳವಳಿ ಕಟ್ಟಿದರು. 1977ರಲ್ಲಿ ಕಂಪನಿ ಅಲ್ಲಿಂದ ಕಾಲ್ತೆಗೆಯಿತು. ಫ್ಲ್ಯಾಶಿನ ಬೆಳಕು ರಾಜಕಾರಣದ ಹೊರಗಿನದು ಎನ್ನುವವರು ಇದನ್ನೊಮ್ಮೆ ನೆನೆಯಬೇಕು.

ಇನ್ನೊಂದು ಕಡೆಯ ಅನ್ಯಾಯ ಕಲೆಯ ಹೆಸರಿನಲ್ಲಿ ನಡೆಯುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆ ಜಾತ್ರೆಗೆ ಹೋದವರಿಗೆ ದೊಡ್ಡ ಲೆನ್ಸಿನ ಮಂದಿಯ ಪರಿಚಯ ಇರುತ್ತದೆ. ಜೋಗತಿಯ ಭಂಡಾರದ ಮಾರಿ ಹಿಡಿದು, ಕಪ್ಪನ್ನು ಇನ್ನಷ್ಟು ಕಪ್ಪು ಮಾಡಿ, ಸುಕ್ಕುಗಳನ್ನು ಎಣಿಸುವಂತೆ ಎದ್ದು ಕಾಣಿಸಿ ಗೋಡೆಗೆ ತೂಗುಹಾಕುತ್ತಾರೆ. ಇದರ ಮುತ್ತಜ್ಜ ಅಂದರೆ 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ ಬಂದ 'ದಿ ಪೀಪಲ್ ಆಫ್ ಇಂಡಿಯಾ'. ಮನುಷ್ಯರನ್ನು ಅಲ್ಲಿ ಜಾತಿಯ ಮಾದರಿಗಳಂತೆ ಜೋಡಿಸಿದ್ದಾರೆ. ಮುಂಬೈಯ ಪೌರಕಾರ್ಮಿಕರ ಚಿತ್ರಗಳನ್ನು ತೆಗೆದ ಸುಧಾರಕ ಓಲ್ವೆಯವರಂಥವರು ಬೇರೆ. ಅವರ ಚಿತ್ರದಲ್ಲಿ ಗಟಾರು ಎಷ್ಟು ಕಾಣುತ್ತದೋ ಗಟಾರಿಗಿಳಿದವನ ಮನಸ್ಸೂ ಅಷ್ಟೇ ಕಾಣುತ್ತದೆ. ಉಳಿದವರ ಬಗ್ಗೆ ನನಗೆ ಬೇಸರವಿದೆ.

ಈಗ ವಿದ್ಯಾರ್ಥಿಯ ಮಾತು. ಬಿ.ಎ. ಓದುತ್ತಲೇ ಮದುವೆ ಫೋಟೋಗ್ರಾಫರ್ ಒಬ್ಬರ ಕೈಕೆಳಗೆ ಫ್ಲ್ಯಾಶ್ ಹಿಡಿಯುವ ಕೆಲಸ ಮಾಡಿದ ಹುಡುಗ ಇವನು. ಮದುವೆ ಮುಂಚಿನ ಫೋಟೋಕ್ಕೆ ಬೆಳಗಾವಿಯಿಂದ ಬರುವ ಜೋಡಿಗಳನ್ನು ಮಲಪ್ರಭೆಯ ದಂಡೆಗೆ, ಅಸೋಗದ ಬಂಡೆಗಳ ಮೇಲೆ ನಿಲ್ಲಿಸಿ ಬೆಳಕು ಹೊಡೆದು ಹೊಡೆದು ಕೈ ಪಳಗಿತ್ತು. ರಜೆಯ ದಿನ ಅದೇ ಬ್ಯಾಟರಿ ಫ್ಲ್ಯಾಶನ್ನು ಎರವಲು ತಂದು, ಬಿದಿರ ಕೋಲಿಗೆ ಕಟ್ಟಿ, ಕೇರಿಯ ಮಂದಿಯ ಫೋಟೋ ತೆಗೆದ. ಬಣ್ಣಕ್ಕೆ ಗಣಪತಿ ಮಂಟಪದಲ್ಲಿ ಉಳಿದ ಜಿಲೇಟಿನ್ ಹಾಳೆ. ಕಿತ್ತಳೆ ಹಾಳೆಯೊಂದನ್ನು ಮಾತ್ರ ಕೊಂಡು ತಂದಿದ್ದ, ಯಾಕೆಂದರೆ ಅದರ ಲೆಕ್ಕ ತಪ್ಪಬಾರದು. ಫ್ಲ್ಯಾಶಿನ ಬೆಳಕು ಹಗಲಿನ ಹಾಗೆ, ಸುಮಾರು 5500 ಕೆಲ್ವಿನ್. ಮುಂದೆ ಆ ಹಾಳೆ ಹಚ್ಚಿದರೆ 3200ಕ್ಕೆ ಇಳಿದು ಹಳೇ ಬಲ್ಬಿನ ಬೆಳಕಾಗುತ್ತದೆ. ಆಮೇಲೆ ಕ್ಯಾಮೆರಾಕ್ಕೆ "ನೀನು ಬಲ್ಬಿನ ಕೆಳಗಿದ್ದೀ" ಅಂತ ಹೇಳಿದರೆ ಮಾರಿಯ ಬಣ್ಣ ಇದ್ದದ್ದು ಇದ್ದ ಹಾಗೇ ಬರುತ್ತದೆ, ಹಿಂದಿನ ಸಂಜೆ ಮಾತ್ರ ಗಾಢ ನೀಲಿಯಾಗುತ್ತದೆ. ಮೊದಲ ಬಾರಿ ಇದನ್ನು ಕೇಳಿದಾಗ ನನಗೆ ನಗು ಬಂತು. ಆಕಾಶ ನೀಲಿ ಆಗಬೇಕಂದರೆ ಮನುಷ್ಯನ ಮೇಲೆ ಕಿತ್ತಳೆ ಹಚ್ಚಬೇಕು!

ಹೀಗೆ ತೆಗೆದದ್ದು ಇಟ್ಟಂಗಿ ಭಟ್ಟಿಯ ಹೆಣ್ಣುಮಗಳೊಬ್ಬಳ ಚಿತ್ರ. ಎಡಗಡೆ ಛತ್ರಿಯೊಳಗಿಂದ ಮೆತ್ತಗೆ ಬಂದ ಕಿತ್ತಳೆ ಬೆಳಕು. ಬಲ ಭುಜದ ಹಿಂದೆ ಇನ್ನೊಂದು ಸಣ್ಣ ಫ್ಲ್ಯಾಶಿಗೆ ನೀಲಿ ಹಾಳೆ. ಆಕೆಯ ಕಪ್ಪು ಎಲ್ಲೂ ತಿಳಿಯಾಗಿಲ್ಲ, ಎಲ್ಲೂ ಮುಚ್ಚಿಯೂ ಇಲ್ಲ. ದವಡೆಯ ಅಂಚು, ಕುತ್ತಿಗೆಯ ಬೆವರು, ರೆಟ್ಟೆ — ಇಷ್ಟರ ಮೇಲೆ ನೀಲಿ ಗೆರೆಯಾಗಿ ನಿಂತಿದೆ. ಇದು ಹೆಂಗ ಸಾಧ್ಯ ಆಯ್ತು ಅಂತ ಕೇಳಿದೆ. ಅವನ ಉತ್ತರವನ್ನು ಯಾವ ಸೌಂದರ್ಯಮೀಮಾಂಸೆಯ ಪುಸ್ತಕದಲ್ಲೂ ನಾನು ಓದಿಲ್ಲ:

"ಬೆಳ್ಳನ ಮಾರಿ ಮ್ಯಾಲ ನೀಲಿ ಹಾಕಿದ್ರ ಬಣ್ಣ ಬಳದಂಗ ಆಗತೈತ್ರಿ ಸರ. ನಮ್ಮ ಮಾರಿ ಮ್ಯಾಲ ಹಾಕಿದ್ರ ಬೆಳಕ ಬಂದು ಕುಂತಂಗ ಕಾಣತೈತ್ರಿ."

ಇದು ಬರೀ ಅಭಿಮಾನದ ಮಾತಲ್ಲ. ಬಿಳಿ ಚರ್ಮ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುವುದರಿಂದ ಬಣ್ಣ ಇಡೀ ಗಲ್ಲಕ್ಕೆ ಹರಡುತ್ತದೆ. ಕಪ್ಪು ಚರ್ಮ ಹೆಚ್ಚಿನದನ್ನು ಒಳಗಿಟ್ಟುಕೊಂಡು ಹೊಳಪಿನಲ್ಲಿ ಮಾತ್ರ ತಿರುಗಿ ಕೊಡುತ್ತದೆ, ಆ ಹೊಳಪು ದೀಪದ ಬಣ್ಣವನ್ನು ಕೆಡಿಸದೆ ಕೊಡುತ್ತದೆ. ಹಾಗಾಗಿ ಇಲ್ಲಿ ಬೇಕಾದದ್ದು ಬೆಳಕಿನ ಜೋರಲ್ಲ, ಅದು ಬರುವ ದಿಕ್ಕು ಮತ್ತು ಅಗಲ. ನಮ್ಮ ಮೈಗೆ ತಕ್ಕ ಒಂದು ಛಂದಸ್ಸು ಬೆಳಕಿಗೂ ಇದೆ ಅಂತ ನನಗೆ ಹೊಳೆದದ್ದು ಈ ಚಿತ್ರದ ಮುಂದೆ.

ಆದರೆ 12ರಲ್ಲಿ 4 ಚಿತ್ರಗಳ ಬಗ್ಗೆ ನನ್ನ ತಕರಾರಿದೆ. ಅವುಗಳಲ್ಲಿ ಮುಂದಿನ ಫ್ಲ್ಯಾಶಿಗೇ ನೀಲಿ ಹಾಳೆ ಹಚ್ಚಿ ಇಡೀ ಮಾರಿಯನ್ನು ನೀಲಿ ಮಾಡಿದ್ದಾನೆ. ಹಲಗಿ ಬಾರಿಸುವವನೂ ನೀಲಿ, ಕಾಲೇಜಿನ ಹುಡುಗಿಯೂ ನೀಲಿ. ಸಂಘದ ಗೆಳೆಯರಿಗೆ ಹಿಡಿಸಿದ್ದು ಇವೇ ನಾಲ್ಕು. ಏಪ್ರಿಲ್ 14ರ ಬ್ಯಾನರಿಗೆ ಇವನ್ನೇ ಕೊಡು ಅಂದರು. ಖಾನಾಪುರ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಎರಡು ತಾಸು ವಾದ ಆಯಿತು. ನೀಲಿ ನಮಗೆ ಅಲಂಕಾರದ ಬಣ್ಣವಲ್ಲ, 1942ರಲ್ಲಿ ಬಾಬಾಸಾಹೇಬರು ಕಟ್ಟಿದ ಪರಿಶಿಷ್ಟ ಜಾತಿ ಫೆಡರೇಷನ್ನಿನ ಬಾವುಟದ ಬಣ್ಣ ಅಂತ ಅವರು. ಒಪ್ಪಿದೆ. ಆದರೆ ಸ್ಟುಡಿಯೋದ ಗುಲಾಬಿ ನಮ್ಮ ಆಯಿಯನ್ನು ಅಳಿಸಿದ ಹಾಗೆಯೇ ಈ ನೀಲಿ ಆ ಹುಡುಗಿಯನ್ನು ಅಳಿಸಿದೆಯಲ್ಲ ಅಂತ ನಾನು. ಪಾ. ರಂಜಿತ್ ಅವರ 'ಕಾಲಾ' (2018) ಸಿನಿಮಾದ ಕೊನೆಯಲ್ಲಿ ತೆರೆಯ ತುಂಬ ಕಪ್ಪು, ಕೆಂಪು, ನೀಲಿ ಹಾರುವಾಗ ಅದು ಒಂದು ಗುಂಪಿನ ಸಂಭ್ರಮ, ಅಲ್ಲಿ ಅದು ಸರಿ. ಬ್ಯಾರಿ ಜೆಂಕಿನ್ಸ್‌ರ 'ಮೂನ್‌ಲೈಟ್' (2016) ಸಿನಿಮಾದ ಕಪ್ಪು ಹುಡುಗನ ಮೈಮೇಲಿನ ನೀಲಿ ಆ ಒಬ್ಬನದೇ, ಇನ್ನೊಬ್ಬರಿಗೆ ತೊಡಿಸಲು ಬರುವುದಿಲ್ಲ. ಒಬ್ಬರ ಮಾರಿ ತೆಗೆಯಲು ಹೋದವನು ಯಾವ ನೀಲಿಯನ್ನು ಹಿಡಿಯಬೇಕು?

ಸಂಘದ ಹಿರಿಯರೊಬ್ಬರು ಕಪ್ಪು ಕೆಳಗಿಟ್ಟು ಹೇಳಿದರು: "ನಿಮಗ ಫೋಟೋ ಬೇಕು ಸರ, ನಮಗ ಬ್ಯಾನರ್ ಬೇಕು. ಚನ್ನಮ್ಮ ಸರ್ಕಲ್ಲಿನ್ಯಾಗ ಮೂವತ್ತು ಫೂಟಿನಿಂದ ನೋಡಾಂವಗ ನಿಮ್ಮ ದವಡಿ ಗೆರಿ ಕಾಣತೈತೇನು?" ಕಾಣುವುದಿಲ್ಲ. ಅವರ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ದಲಿತ ಚಳವಳಿ ರಾಜಕೀಯ ಸಿಟ್ಟಿನಿಂದ ಸಾಂಸ್ಕೃತಿಕ ದೃಢತೆಯ ಕಡೆ ಸಾಗುವ ಬಗ್ಗೆ ಡಿ.ಆರ್. ನಾಗರಾಜ್ ಬರೆದರು. ಆ ದಾರಿಯ ನಡುವೆ ಒಂದು ಚಹಾದಂಗಡಿ ಇದೆ, ನಾವಿನ್ನೂ ಅಲ್ಲೇ ಕುಂತಿದ್ದೇವೆ. ಅವರಿಗೆ ನಾನು ಕೇಳಿದ್ದು ಇಷ್ಟೇ: 1925ರಲ್ಲಿ ಇದೇ ಜಿಲ್ಲೆಯ ನಿಪ್ಪಾಣಿಗೆ ಪರಿಷತ್ತಿಗೆಂದು ಬಂದ ಬಾಬಾಸಾಹೇಬರು ನಮ್ಮ ಕ್ಯಾಲೆಂಡರುಗಳಲ್ಲಿ ಕೆಂಪು ತುಟಿ, ಗುಲಾಬಿ ಗಲ್ಲದವರಾಗಿದ್ದು ಯಾವಾಗ? ನಾವು ಯಾಕೆ ಸುಮ್ಮನಿದ್ದೆವು? ಯಾರೂ ಮಾತಾಡಲಿಲ್ಲ. ನಾನು ಗೆದ್ದೆ ಅಂತಲ್ಲ, ಚಹಾ ಆರಿತ್ತು.

ಒಂಬತ್ತನೆಯ ಚಿತ್ರ ಎಲ್ಲಕ್ಕೂ ಮಿಗಿಲು. ಅದು ಅಚಾನಕ್ಕಾಗಿ ಆದದ್ದು. ಮುದುಕಿಯೊಬ್ಬಳು ಫ್ಲ್ಯಾಶು ಕಣ್ಣಿಗೆ ಹೊಡಿತೈತಿ ಅಂತ ಬೈದು, "ತಾ ಇಲ್ಲೆ" ಅಂತ ಕಸಿದು ತನ್ನ ಕೈಯಲ್ಲೇ ಹಿಡಿದಳು. ಚಿಮಣಿ ಹಿಡಿದ ಹಾಗೆ, ಎದೆಯ ಕೆಳಗೆ, ಬಾಯಿ ಮೇಲಾಗಿ. ಕಿತ್ತಳೆ ಹಾಳೆ ಇನ್ನೂ ಅದಕ್ಕೇ ಅಂಟಿತ್ತು. ಹುಡುಗ ಬಟನ್ ಒತ್ತಿದ. ಕೆಳಗಿನಿಂದ ಬಂದ ಬೆಳಕು ದೆವ್ವದ ಬೆಳಕು, ಮಾರಿಗೆ ಹಾಗೆ ಹಾಕಬಾರದು ಅಂತ ಫೋಟೋಗ್ರಫಿ ಕಲಿಸುವವರು ಹೇಳುತ್ತಾರೆ. ಸೂರ್ಯ ಮೇಲಿದ್ದಾನೆ, ಹಾಗಾಗಿ ಸಹಜ ಬೆಳಕು ಮೇಲಿನಿಂದಲೇ ಬರಬೇಕಂತೆ. ಸೂರ್ಯನಿರುವಾಗ ಮನೆಯಲ್ಲಿ ಇರುತ್ತಿದ್ದವರ ಮಾತಿದು. ನಮ್ಮವ್ವ, ಆಯಿ ಕತ್ತಲಾದ ಮೇಲೆ ಮನೆಗೆ ಬಂದವರು. ಅವರ ಮಾರಿಯನ್ನು ನಾವು ನೋಡಿದ್ದೇ ಒಲೆಯ ಬೆಂಕಿಯಲ್ಲಿ, ನೆಲದ ಮೇಲಿಟ್ಟ ಚಿಮಣಿಯಲ್ಲಿ, ಕೆಳಗಿನಿಂದ. ದೇವನೂರರ 'ಕುಸುಮಬಾಲೆ'ಯಲ್ಲಿ ರಾತ್ರಿ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವ ಜೋತಮ್ಮರಿದ್ದಾರಲ್ಲ, ಆ ಜಾತಿಯ ಬೆಳಕು ಇದು. ಹೊರಗಿನಿಂದ ಬಂದು ಮಾರಿಗೆ ಹೊಡೆದದ್ದಲ್ಲ, ಮನೆಯೊಳಗೆ ಕುಂತು ಮನೆಯವರನ್ನು ಕಂಡದ್ದು. ಮುದುಕಿ ನಕ್ಕಿಲ್ಲ, ಅತ್ತಿಲ್ಲ. ಮುಗೀತಿಲ್ಲೋ ಅನ್ನುವಂತೆ ನೋಡುತ್ತಿದ್ದಾಳೆ.

ಆ ಚಿತ್ರ ನೋಡಿದ ದಿನವೇ ಆಯಿಯ ಗುರುತಿನ ಚೀಟಿಯನ್ನು ಹುಡುಗನ ಕೈಗೆ ಕೊಟ್ಟೆ. ಗುಲಾಬಿ ಬೇಡ, ಆಯಿ ಇದ್ದ ಹಾಗೇ ತೆಗೆದುಕೊಡು ಅಂದೆ. ಅವನು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಕತ್ತಲನ್ನು ಏರಿಸಿ ಏರಿಸಿ ನೋಡಿದ. ಬೂದು ಚುಕ್ಕೆಗಳು ಎದ್ದವು, ಕಣ್ಣಿನ ಜಾಗದಲ್ಲೂ, ಗಲ್ಲದ ಜಾಗದಲ್ಲೂ.

"ಕಪ್ಪಿನ್ಯಾಗ ಏನೂ ಉಳದಿಲ್ರಿ ಸರ," ಅಂದ. "ಅವತ್ತs ತಗೊಂಡಿಲ್ಲ ಅದು."

ಸ್ಟುಡಿಯೋದ ಫ್ರೇಮು ಗೋಡೆ ಮೇಲೆ ಹಾಗೇ ಇದೆ. ಅವ್ವ ಅಮಾಸಿಗೊಮ್ಮೆ ಅದಕ್ಕೆ ಹೂ ಏರಿಸುತ್ತಾಳೆ.