ಅಂಕಿತ ಮತ್ತು ಯಂತ್ರ: ಒಂದು ವಿವೇಚನೆ

ತುಮಕೂರಿನ ಸಮೀಪದ ವಸಂತನರಸಾಪುರ ಇಂದು ಕೈಗಾರಿಕೆಗಳ ನೆಲೆ. 2014ರಲ್ಲಿ ಆಹಾರ ಸಂಸ್ಕರಣೆಯ ಬೃಹತ್ ಕೇಂದ್ರವೊಂದು ಅಲ್ಲಿ ಉದ್ಘಾಟನೆಗೊಂಡಿತು. ಅದೇ ಸೀಮೆಯ ಗುಬ್ಬಿಯು ‘ಭಾವಚಿಂತಾರತ್ನ’ದ ಕವಿ ಮಲ್ಲಣಾರ್ಯನ ಊರು, ಕುಣಿಗಲ್ ತಾಲ್ಲೂಕಿನ ಎಡೆಯೂರು ತೋಂಟದ ಸಿದ್ಧಲಿಂಗ ಯತಿಗಳ ಕ್ಷೇತ್ರ. ಯಂತ್ರವೂ ಕಾವ್ಯವೂ ನೆರೆಹೊರೆಯಾಗಿರುವ ಇಂತಹ ನಾಡಿನಲ್ಲಿ, ಕಲಾಸೃಷ್ಟಿಯಲ್ಲಿ ಯಂತ್ರದ ಸ್ಥಾನವೇನು, ಹಲವರು ಕೂಡಿ ರಚಿಸಿದ ಕೃತಿ ಯಾರದು ಎಂಬ ಪ್ರಶ್ನೆಗಳು ಏಳುವುದು ಸಹಜ. ಅವುಗಳಿಗೆ ಉತ್ತರವನ್ನು ನಮ್ಮ ಪರಂಪರೆಯಲ್ಲಿಯೇ ಅರಸಬಹುದು.

ಸಾಮೂಹಿಕ ರಚನೆ ನಮಗೆ ಹೊಸತಲ್ಲ. ‘ಶೂನ್ಯಸಂಪಾದನೆ’ಯೇ ಇದಕ್ಕೆ ನಿದರ್ಶನ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಒಬ್ಬರ ತರುವಾಯ ಒಬ್ಬರು ಅದನ್ನು ಸಂಪಾದಿಸಿದರು. ಬಿಡಿಬಿಡಿಯಾದ ವಚನಗಳನ್ನು ಸಂವಾದವಾಗಿ ಜೋಡಿಸಿ, ಅಲ್ಲಮಪ್ರಭುವನ್ನು ನಡುವಿಟ್ಟು ಕಥೆಯನ್ನು ಕಟ್ಟಿದರು. ಸಿದ್ಧರಾಮನ ಇಷ್ಟಲಿಂಗ ದೀಕ್ಷೆಯ ವಿಷಯದಲ್ಲಿ ಈ ನಾಲ್ವರೂ ಒಂದೇ ಮಾತನ್ನು ಹೇಳುವುದಿಲ್ಲ. ಆದರೆ ಪ್ರತಿಯೊಂದು ವಚನವೂ ತನ್ನ ಅಂಕಿತವನ್ನು ಹೊತ್ತು ನಿಂತಿದೆ. ಸಂಪಾದಕನೂ ತನ್ನ ಹೆಸರಿನಿಂದಲೇ ಮುಂದೆ ಬಂದಿದ್ದಾನೆ. ಯಾರ ಮಾತು ಯಾರದೆಂಬ ಅರಿವು ಅಳಿಯಲಿಲ್ಲವಾದ್ದರಿಂದಲೇ ನಾವಿಂದು ನಾಲ್ಕನ್ನೂ ಹೋಲಿಸಿ ತೂಗಬಲ್ಲೆವು.

ಹೊಸ ಸಲಕರಣೆಗಳಿಗೂ ನಮ್ಮ ಕಲೆ ಬಾಗಿಲು ಮುಚ್ಚಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಸಂಘ ಚನ್ನಬಸವೇಶ್ವರನ ಕೃಪೆಯನ್ನೇ ತನ್ನ ಹೆಸರಾಗಿಸಿಕೊಂಡಿತು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕಾಗಿ ಆನೆ ಕುದುರೆಗಳನ್ನು ರಂಗಕ್ಕೆ ತಂದರು. ಚಲನಚಿತ್ರ ಬಂದಾಗ ಅದನ್ನೂ ಬರಮಾಡಿಕೊಂಡರು. ಅವರ ಸಂಸ್ಥೆಯ ಚಿತ್ರ ‘ಬೇಡರ ಕಣ್ಣಪ್ಪ’ 1954ರಲ್ಲಿ ತೆರೆಕಂಡಿತು. ಹರಿಹರನು ರಗಳೆಯಲ್ಲಿ ಹಾಡಿದ ಶಿವಭಕ್ತನ ಕಥೆ ಜಿ.ವಿ. ಅಯ್ಯರ್, ಎಚ್.ಎಲ್.ಎನ್. ಸಿಂಹ, ರಾಜಕುಮಾರ್, ಪಂಡರೀಬಾಯಿ ಮೊದಲಾದವರ ಕೂಡುದುಡಿಮೆಯಿಂದ ತೆರೆಗೆ ಬಂದಿತು.

ಈ ಚಿತ್ರದಲ್ಲಿ ಲಾಭವೂ ಇದೆ, ನಷ್ಟವೂ ಇದೆ. ನಾಟಕಶಾಲೆಯ ಹಿಂದಿನ ಸಾಲಿನವನಿಗೆ ಕಣ್ಣಪ್ಪನ ಮುಖಭಾವ ಕಾಣುವುದು ಕಷ್ಟ. ಕ್ಯಾಮೆರಾ ಆ ಮುಖವನ್ನು ಎಲ್ಲರ ಸಮೀಪಕ್ಕೂ ತಂದಿತು. ಆದರೆ ಚಿತ್ರಕಥೆ ನಾಯಕನನ್ನು ದೇವಲೋಕದಿಂದ ಇಳಿದು ಬಂದವನನ್ನಾಗಿಸುತ್ತದೆ. ಬೇಡನಾಗಿಯೇ ಶಿವನನ್ನು ಒಲಿಸಿಕೊಂಡವನಿಗೆ ದೇವಜನ್ಮದ ಆಸರೆ ಏಕೆ ಬೇಕು? ಜಾತಿಯನ್ನು ಭಕ್ತಿಯ ಅಳತೆಗೋಲಾಗಿಸದ ಶರಣರ ದೃಷ್ಟಿಗೆ ಇದು ಕುಂದೇ ಸರಿ. ಇದು ಯಂತ್ರದ ಕುಂದಲ್ಲ, ಕಥೆ ಕಟ್ಟಿದವರ ಆಯ್ಕೆ. ಆಯ್ದವರ ಹೆಸರುಗಳು ಗೊತ್ತಿರುವುದರಿಂದಲೇ ನಾವು ಅವರನ್ನು ಪ್ರಶ್ನಿಸಬಲ್ಲೆವು, ಮೆಚ್ಚಲೂ ಬಲ್ಲೆವು.

ಈಗ ಗಣಕಯಂತ್ರದ ಕಾಲ. ‘ವಚನ ಸಂಚಯ’ದಂತಹ ಅಂತರಜಾಲ ಭಂಡಾರದಲ್ಲಿ ಒಂದು ಪದವನ್ನು ಸಾವಿರಾರು ವಚನಗಳ ನಡುವೆ ಕ್ಷಣಮಾತ್ರದಲ್ಲಿ ಹುಡುಕಬಹುದು. ಹಿಂದೆ ವರ್ಷಗಟ್ಟಲೆ ಚೀಟಿ ಬರೆದು ಮಾಡುತ್ತಿದ್ದ ಕೆಲಸವಿದು; ವಿದ್ಯಾರ್ಥಿಗಳು ಇದರ ಪ್ರಯೋಜನವನ್ನು ಪಡೆಯಲೇಬೇಕು. ಆದರೆ ಇಂದಿನ ಯಂತ್ರ ಹುಡುಕುವುದಷ್ಟೇ ಅಲ್ಲ, ವಚನದಂತೆ ತೋರುವ ಸಾಲುಗಳನ್ನು ಹೊಸೆದು ಕೊನೆಗೆ ಯಾವ ಶರಣನ ಅಂಕಿತವನ್ನಾದರೂ ಅಂಟಿಸಬಲ್ಲದು. ಅಪಾಯವಿರುವುದು ಇಲ್ಲಿ.

ಅಂಕಿತ ಅಲಂಕಾರವಲ್ಲ. ಅದು ಇಷ್ಟದೈವದ ಸಾಕ್ಷಿಯಲ್ಲಿ ಆಡಿದ ಮಾತಿಗೆ ಒತ್ತಿದ ಮುದ್ರೆ. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಪ್ರಕಟಿಸಿದ ಗ್ರಂಥವೊಂದನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು; 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಒಂದು ಅಂಕಿತದ ಮಾರ್ಪಾಟೇ ಇಷ್ಟು ನೋವನ್ನು ತಂದಿರುವಾಗ, ಆಡದ ಮಾತಿಗೆ ಅಂಕಿತ ಹಚ್ಚುವುದನ್ನು ಹೇಗೆ ಸಹಿಸುವುದು?

ಶೂನ್ಯಸಂಪಾದನಕಾರರೂ ಕಥೆಯನ್ನು ಮಾರ್ಪಡಿಸಿದರಲ್ಲವೆ ಎಂದು ಕೇಳಬಹುದು. ನಿಜ. ಆದರೆ ಅವರು ತಮ್ಮ ಹೆಸರಿಟ್ಟು ಮಾರ್ಪಡಿಸಿದರು. ಬಂದ ಆಕ್ಷೇಪಕ್ಕೆ ಹೊಣೆಯಾದರು. ಯಂತ್ರಕ್ಕೆ ಈ ಹೊಣೆಗಾರಿಕೆ ಇಲ್ಲ. ಆದುದರಿಂದ ಅದನ್ನು ಬಳಸಿದವನೇ ಹೊಣೆ ಹೊರಬೇಕು: ಯಂತ್ರದ ನೆರವನ್ನು ಮರೆಮಾಚದೆ ತಿಳಿಸಬೇಕು, ತನ್ನ ಹೆಸರನ್ನು ಹಾಕಬೇಕು, ಶರಣರ ಅಂಕಿತವನ್ನು ಮುಟ್ಟಬಾರದು.

ವೀರಣ್ಣನವರ ಆತ್ಮಕಥೆಯ ಹೆಸರು ‘ಕಲೆಯೇ ಕಾಯಕ’. ಕಾಯಕಕ್ಕೆ ಸಲಕರಣೆ ಯಾವುದಾದರೂ ಆಗಬಹುದು, ಜೊತೆಗಾರರು ಎಷ್ಟಾದರೂ ಇರಬಹುದು. ಆದರೆ ಮಾಡಿದ ಕೆಲಸಕ್ಕೆ ಉತ್ತರ ಕೊಡುವ ಕಾಯಕಜೀವಿ ಒಬ್ಬನಿರಲೇಬೇಕು. ಯಂತ್ರಸಹಾಯದಿಂದ ಹುಟ್ಟುವ ಯಾವ ಕೃತಿಯ ಮುಂದೆಯೂ ವಿಮರ್ಶಕನು ಮೊದಲು ಕೇಳಬೇಕಾದ ಪ್ರಶ್ನೆ, ಇದಕ್ಕೆ ಉತ್ತರ ಕೊಡುವವರು ಯಾರು ಎಂಬುದೇ.