ನೆರೆಮನೆಯ ಬೆಂಕಿ, ನೀರಿನ ಕೊಳವೆ: ಯುದ್ಧನೆರವಿನ ವಾಗ್ವಾದದಲ್ಲಿ ಅಲಂಕಾರದ ಕೆಲಸ

೧

ಯುದ್ಧದಲ್ಲಿ ತೊಡಗಿರುವ ಇನ್ನೊಂದು ದೇಶಕ್ಕೆ ಆಯುಧ ಕೊಡಬೇಕೆ, ಬೇಡವೆ ಎಂಬ ಚರ್ಚೆಯನ್ನು ನಾವು ಸಾಮಾನ್ಯವಾಗಿ ರಾಜ್ಯಶಾಸ್ತ್ರಕ್ಕೆ ಬಿಟ್ಟುಕೊಟ್ಟು ಸುಮ್ಮನಾಗುತ್ತೇವೆ. ಸಾಹಿತ್ಯ ವಿಮರ್ಶೆಗೆ ಅಲ್ಲೇನು ಕೆಲಸ ಎಂಬ ಪ್ರಶ್ನೆ ಸಹಜವೇ. ಆದರೆ ಇಂಥ ಚರ್ಚೆಗಳನ್ನು ಪಠ್ಯಗಳೆಂದು ಭಾವಿಸಿ ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಂಕಿ ಅಂಶಗಳೂ ಕಾನೂನಿನ ಕಲಮುಗಳೂ ಬರುವುದಕ್ಕೆ ಮೊದಲೇ ಒಂದು ಚಿತ್ರ ಬಂದು ಕೇಳುಗರ ಮನಸ್ಸಿನಲ್ಲಿ ನೆಲೆಸಿರುತ್ತದೆ. ಏನನ್ನು ಪ್ರಶ್ನಿಸಬಹುದು, ಏನನ್ನು ಪ್ರಶ್ನಿಸುವುದು ಕ್ಷುದ್ರತನವಾಗುತ್ತದೆ ಎಂಬುದನ್ನು ಬಹಳಮಟ್ಟಿಗೆ ಆ ಚಿತ್ರವೇ ನಿರ್ಧರಿಸುತ್ತದೆ. ಆ ಚಿತ್ರವನ್ನು ಪರೀಕ್ಷಿಸುವುದು ಅಲಂಕಾರಶಾಸ್ತ್ರವನ್ನು ಓದಿದವರ ಕೆಲಸವೇ ಹೌದು.

ಕನ್ನಡದ ಓದುಗರಿಗೆ ಸೇನಾನೆರವಿನ ಪ್ರಶ್ನೆ ಅಪರಿಚಿತವಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ದುರ್ಯೋಧನ ಮತ್ತು ಅರ್ಜುನ ಇಬ್ಬರೂ ನೆರವು ಬೇಡಿ ದ್ವಾರಕೆಗೆ ಹೋಗುತ್ತಾರೆ. ಕೃಷ್ಣ ಒಂದು ಕಡೆ ತನ್ನ ಸೇನೆಯನ್ನೂ ಇನ್ನೊಂದು ಕಡೆ ಆಯುಧ ಹಿಡಿಯದ ತನ್ನನ್ನೂ ಇರಿಸಿ ಆರಿಸಿಕೊಳ್ಳಲು ಹೇಳುತ್ತಾನೆ. ಬಲರಾಮ ಯಾರ ಪಕ್ಷವನ್ನೂ ವಹಿಸದೆ ಕೊನೆಗೆ ತೀರ್ಥಯಾತ್ರೆಗೆ ಹೊರಡುತ್ತಾನೆ. ಸಾಧನ ಕೊಡುವುದು, ತಾನೇ ಜೊತೆಗೆ ನಿಲ್ಲುವುದು, ದೂರ ಸರಿಯುವುದು ಎಂಬ ಮೂರು ನೆಲೆಗಳು ಅಲ್ಲಿ ಬೇರೆ ಬೇರೆಯಾಗಿಯೇ ಇವೆ. ಆಧುನಿಕ ರಾಜಕೀಯದ ಸಂಕಥನದಲ್ಲಿ ಈ ಮೂರರ ನಡುವಿನ ಗೆರೆಗಳು ಹೇಗೆ ಅಳಿಸಿಹೋಗುತ್ತವೆ ಎಂಬುದನ್ನು ಅಮೆರಿಕದ ಎರಡು ಸಂದರ್ಭಗಳ ಮೂಲಕ ನೋಡುವುದು ಈ ಲೇಖನದ ಉದ್ದೇಶ. ಒಂದು, ೧೯೪೦-೪೧ರಲ್ಲಿ ಬ್ರಿಟನ್ನಿಗೆ ನೆರವಾಗುವ ಬಗ್ಗೆ ನಡೆದ ವಾಗ್ವಾದ. ಇನ್ನೊಂದು, ೨೦೨೨ರ ನಂತರ ಉಕ್ರೇನಿನ ಬಗ್ಗೆ ನಡೆದದ್ದು.

೨

೧೯೪೦ರ ಕೊನೆಯ ಹೊತ್ತಿಗೆ ಫ್ರಾನ್ಸ್ ಸೋತಿತ್ತು, ಲಂಡನ್ನಿನ ಮೇಲೆ ಬಾಂಬು ಬೀಳುತ್ತಿತ್ತು. ಅಮೆರಿಕದ ೧೯೩೯ರ ತಟಸ್ಥನೀತಿಯ ಕಾಯಿದೆಯ ಪ್ರಕಾರ ಯುದ್ಧನಿರತ ದೇಶಗಳು ನಗದು ಕೊಟ್ಟು, ತಮ್ಮದೇ ಹಡಗಿನಲ್ಲಿ ಆಯುಧ ಒಯ್ಯಬೇಕಾಗಿತ್ತು. ಮೊದಲನೆಯ ಮಹಾಯುದ್ಧದ ಸಾಲವನ್ನು ತೀರಿಸದ ದೇಶಗಳಿಗೆ ಮತ್ತೆ ಸಾಲ ಕೊಡುವುದನ್ನು ೧೯೩೪ರ ಇನ್ನೊಂದು ಕಾಯಿದೆ ನಿಷೇಧಿಸಿತ್ತು. ಬ್ರಿಟನ್ನಿನ ಡಾಲರುಗಳು ಮುಗಿಯುತ್ತ ಬಂದಿರುವುದನ್ನು ಡಿಸೆಂಬರ್ ತಿಂಗಳ ಆರಂಭದಲ್ಲಿ ಚರ್ಚಿಲ್ ದೀರ್ಘ ಪತ್ರವೊಂದರಲ್ಲಿ ಅಧ್ಯಕ್ಷ ರೂಸ್‌ವೆಲ್ಟರಿಗೆ ತಿಳಿಸಿದರು. ಅಂದರೆ 'ಸಾಲ' ಎಂಬ ಪದವನ್ನು ಉಚ್ಚರಿಸುವಂತೆಯೇ ಇರಲಿಲ್ಲ. ಹೊಸದೊಂದು ಮಾತು ಬೇಕಾಗಿತ್ತು.

೧೯೪೦ರ ಡಿಸೆಂಬರ್ ೧೭ರ ಪತ್ರಿಕಾಗೋಷ್ಠಿಯಲ್ಲಿ ರೂಸ್‌ವೆಲ್ಟ್ ಆ ಮಾತನ್ನು ಕಂಡುಕೊಂಡರು. ನೆರೆಯವನ ಮನೆಗೆ ಬೆಂಕಿ ಬಿದ್ದಿದೆ, ನನ್ನ ತೋಟದಲ್ಲಿ ನೀರು ಬಿಡುವ ಕೊಳವೆ ಇದೆ. ಅದರ ಬೆಲೆ ಹದಿನೈದು ಡಾಲರು, ಮೊದಲು ಅದನ್ನು ಕೊಡು ಎಂದು ನಾನು ಅವನನ್ನು ಕೇಳುವುದಿಲ್ಲ. ಬೆಂಕಿ ಆರಿದ ಮೇಲೆ ಕೊಳವೆ ಹಿಂದಿರುಗಿಸಿದರೆ ಸಾಕು, ಹಾಳಾಗಿದ್ದರೆ ಬದಲಿಗೆ ಇನ್ನೊಂದನ್ನು ಕೊಟ್ಟರಾಯಿತು ಎಂಬುದು ಅವರ ವಿವರಣೆಯ ಸಾರ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಇದನ್ನು ದೃಷ್ಟಾಂತವೆನ್ನಬಹುದು. ಒಂದು ಮನೆವಾರ್ತೆಯ ಸನ್ನಿವೇಶವು ಇನ್ನೊಂದು ರಾಜಕೀಯ ಸನ್ನಿವೇಶಕ್ಕೆ ಪ್ರತಿಬಿಂಬವಾಗಿ ನಿಂತಿದೆ.

ಇದರ ಶಕ್ತಿಯನ್ನು ಮೊದಲು ಒಪ್ಪಬೇಕು. ಬೆಂಕಿ ಬಿದ್ದಾಗ ಕೊಡವನ್ನೋ ಹಗ್ಗವನ್ನೋ ಕೇಳಿದವರ ಜೊತೆ ಯಾರೂ ಚೌಕಾಸಿ ಮಾಡುವುದಿಲ್ಲ. ಮಾಡಿದವರನ್ನು ಊರು ಕ್ಷಮಿಸುವುದಿಲ್ಲ. ಜೊತೆಗೆ ಆ ಬೆಂಕಿ ನನ್ನ ಮಾಡಿಗೂ ಹಾರಬಹುದೆಂಬ ಭಯವೂ ಅಲ್ಲಿ ಹೇಳದೆಯೇ ಇದೆ. ಔದಾರ್ಯ ಮತ್ತು ಸ್ವಾರ್ಥ ಎರಡನ್ನೂ ಒಂದೇ ಚಿತ್ರ ಹೊತ್ತಿದೆ. ಆದರೆ ದೃಷ್ಟಾಂತದ ಎರಡು ಭಾಗಗಳು ಎಲ್ಲಿ ಹೊಂದುವುದಿಲ್ಲ ಎಂದು ನೋಡುವುದೂ ವಿಮರ್ಶೆಯ ಕರ್ತವ್ಯ. ಕೊಳವೆಯಿಂದ ಬರುವುದು ನೀರು. ನೀರು ಬೆಂಕಿಯನ್ನು ಆರಿಸುತ್ತದೆ. ಫಿರಂಗಿಯೂ ವಿಮಾನವೂ ಸ್ವತಃ ಬೆಂಕಿಯೇ. ಬೆಂಕಿಗೆ ಎದುರಾಗಿ ಬೆಂಕಿಯನ್ನೇ ಕೊಡುವುದು ಅನಿವಾರ್ಯವಾಗಿರಬಹುದು, ನ್ಯಾಯವೂ ಆಗಿರಬಹುದು. ಆದರೆ ಅದನ್ನು ನೀರೆಂದು ಹೇಳಿದ ಕ್ಷಣದಲ್ಲಿ ಕೊಲ್ಲುವ ಮತ್ತು ಸಾಯುವ ಮನುಷ್ಯರು ಚಿತ್ರದಿಂದ ಹೊರಗೆ ಹೋಗುತ್ತಾರೆ. ಈ ದೃಷ್ಟಾಂತದಲ್ಲಿ ಒಂದೇ ಒಂದು ಹೆಣವಿಲ್ಲ.

೩

೧೯೪೧ರ ಜನವರಿ ೧೦ರಂದು ಮಂಡಿತವಾದ ಮಸೂದೆಗೆ ಅಮೆರಿಕ ಸ್ವತಂತ್ರವಾದ ವರ್ಷವನ್ನೇ ನೆನಪಿಸುವ ೧೭೭೬ ಎಂಬ ಸಂಖ್ಯೆ ಕೊಡಲಾಯಿತು. ಬ್ರಿಟನ್ನಿನಿಂದ ಬೇರೆಯಾದ ವರ್ಷದ ಹೆಸರಿನಲ್ಲಿ ಬ್ರಿಟನ್ನಿಗೆ ನೆರವು! ವಿರೋಧಿಗಳಿಗೂ ತಮ್ಮದೇ ಅಲಂಕಾರಗಳಿದ್ದವು. ಓಹಿಯೋದ ಸೆನೆಟರ್ ಟಾಫ್ಟ್, ಯುದ್ಧಸಾಮಗ್ರಿಯನ್ನು ಕಡ ಕೊಡುವುದು ಅಗಿಯುವ ಗಮ್ಮನ್ನು ಕಡ ಕೊಟ್ಟಂತೆ, ಅದನ್ನು ಹಿಂದಕ್ಕೆ ಪಡೆಯುವ ಆಸೆ ಯಾರಿಗೂ ಇರುವುದಿಲ್ಲ ಎಂಬರ್ಥದ ಮಾತಾಡಿದರು. ಹಾಸ್ಯದಂತೆ ಕಾಣುವ ಈ ಉಪಮೆ ಕೊಳವೆಯ ದೃಷ್ಟಾಂತದ ಮರ್ಮಕ್ಕೇ ತಗಲುತ್ತದೆ: ಯುದ್ಧದಲ್ಲಿ ಬಳಸಿದ ವಸ್ತು ಹಿಂದಿರುಗುವುದಿಲ್ಲ, ಆದ್ದರಿಂದ 'ಕಡ' ಎಂಬ ಪದವೇ ಸುಳ್ಳು.

ಮೊಂಟಾನಾದ ಸೆನೆಟರ್ ವೀಲರ್ ಹೇಳಿದ್ದು ಇದಕ್ಕಿಂತ ಕಠೋರವಾದದ್ದು. ಬೆಲೆ ಕುಸಿತವನ್ನು ತಡೆಯಲು ೧೯೩೩ರಲ್ಲಿ ರೂಸ್‌ವೆಲ್ಟರ ಸರಕಾರ ನಿಂತ ಹತ್ತಿಯ ಬೆಳೆಯನ್ನೇ ಉಳಿಸಿಬಿಡುವ, ಅಂದರೆ ನೇಗಿಲು ಹೊಡೆಸಿ ಮಣ್ಣಿಗೆ ಸೇರಿಸುವ ಯೋಜನೆ ಮಾಡಿತ್ತು. ಅದನ್ನು ನೆನಪಿಸಿ ವೀಲರ್, ಈ ಮಸೂದೆ ಅಮೆರಿಕದ ಪ್ರತಿ ನಾಲ್ಕನೆಯ ಹುಡುಗನನ್ನು ಹಾಗೆಯೇ ನೇಗಿಲ ಕೆಳಗೆ ಹಾಕುತ್ತದೆ ಎಂದರು. ರೂಸ್‌ವೆಲ್ಟ್ ಈ ಮಾತಿಗೆ ತೀವ್ರವಾಗಿ ಸಿಟ್ಟಾದದ್ದು ಪ್ರಸಿದ್ಧವಾಗಿದೆ. ಲೆಕ್ಕವಾಗಿ ನೋಡಿದರೆ ವೀಲರರದು ಅತಿಶಯೋಕ್ತಿ. ಹಾಗೆ ಆಗಲೂ ಇಲ್ಲ. ಆದರೂ ಇಡೀ ವಾಗ್ವಾದದ ಪ್ರಸಿದ್ಧ ಅಲಂಕಾರಗಳಲ್ಲಿ ಮನುಷ್ಯದೇಹವನ್ನು ಮುಂದಿಟ್ಟದ್ದು ಇದೊಂದೇ. ಅದೇ ಕಾರಣಕ್ಕೆ ಅದು ಅಸಹ್ಯವಾಗಿಯೂ ಕಂಡಿತು. ಸಭ್ಯವಾದ ಚಿತ್ರ ಸತ್ಯವನ್ನು ಮುಚ್ಚಿತ್ತು. ಸತ್ಯದ ಒಂದಂಶವನ್ನು ತೆರೆದ ಚಿತ್ರ ಅಸಭ್ಯವಾಗಿತ್ತು, ಉತ್ಪ್ರೇಕ್ಷೆಯೂ ಆಗಿತ್ತು.

ವಿರೋಧಿಗಳ ಅಂಜಿಕೆ ಪೂರ್ತಿ ನಿರಾಧಾರವಾಗಿರಲಿಲ್ಲ. ೧೯೪೧ರ ಶರತ್ಕಾಲದ ಹೊತ್ತಿಗೆ ಅಟ್ಲಾಂಟಿಕ್‌ನಲ್ಲಿ ಅಮೆರಿಕದ ಯುದ್ಧನೌಕೆಗಳು ಜರ್ಮನ್ ಜಲಾಂತರ್ಗಾಮಿಗಳಿಗೆ ಎದುರಾಗುತ್ತಿದ್ದವು. ಅಕ್ಟೋಬರ್ ೩೧ರಂದು 'ರೂಬೆನ್ ಜೇಮ್ಸ್' ಎಂಬ ನೌಕೆ ಮುಳುಗಿತು. ಪರ್ಲ್ ಹಾರ್ಬರಿನ ಮೇಲೆ ಜಪಾನಿನ ದಾಳಿ ನಡೆಯುವುದಕ್ಕೆ ಇನ್ನೂ ಐದು ವಾರಗಳಿದ್ದವು. ಕೊಳವೆ ಕೊಟ್ಟವನು ಬೇಲಿಯ ಈಚೆಗೇ ನಿಂತಿರುತ್ತಾನೆ ಎಂಬ ಭರವಸೆ ಆಗಲೇ ಸಡಿಲವಾಗಿತ್ತು.

೪

ಪ್ರತಿನಿಧಿ ಸಭೆಯಲ್ಲಿ ಫೆಬ್ರವರಿ ೮ರಂದು ೨೬೦ಕ್ಕೆ ೧೬೫, ಸೆನೆಟ್‌ನಲ್ಲಿ ಮಾರ್ಚ್ ೮ರಂದು ೬೦ಕ್ಕೆ ೩೧ ಮತಗಳಿಂದ ಮಸೂದೆ ಅಂಗೀಕಾರವಾಗಿ, ಮಾರ್ಚ್ ೧೧ರಂದು ಕಾಯಿದೆಯಾಯಿತು. ಈಗ ದೃಷ್ಟಾಂತವನ್ನು ಬಿಟ್ಟು ಕಾಯಿದೆಯ ಪಠ್ಯವನ್ನು ಓದಬೇಕು. ಅಲ್ಲಿ ನೆರೆಯವನೂ ಇಲ್ಲ, ಕೊಳವೆಯೂ ಇಲ್ಲ. ಯಾವ ದೇಶದ ರಕ್ಷಣೆ ಅಮೆರಿಕದ ರಕ್ಷಣೆಗೆ ಅತ್ಯಗತ್ಯವೆಂದು ಅಧ್ಯಕ್ಷರು ಭಾವಿಸುತ್ತಾರೋ ಆ ದೇಶಕ್ಕೆ ಸಾಮಗ್ರಿಯನ್ನು ಮಾರಬಹುದು, ವರ್ಗಾಯಿಸಬಹುದು, ಕಡವಾಗಿ ಕೊಡಬಹುದು. ಪ್ರತಿಫಲ ಹಣವಾಗಿರಬಹುದು, ವಸ್ತುವಾಗಿರಬಹುದು, ಅಥವಾ ಅಧ್ಯಕ್ಷರಿಗೆ ಸಮಾಧಾನವೆನಿಸುವ ಯಾವುದೇ ಪ್ರತ್ಯಕ್ಷ ಇಲ್ಲವೆ ಪರೋಕ್ಷ ಪ್ರಯೋಜನವಾಗಿರಬಹುದು. ಕೊಳವೆಯನ್ನು ಹಿಂದಿರುಗಿಸುವ ಸರಳವಾದ ಮಾತು ಇಲ್ಲಿ 'ಯಾವುದೇ ಪ್ರಯೋಜನ'ವಾಗಿ ಹಿಗ್ಗಿದೆ. ಆ ಪ್ರಯೋಜನದ ಸ್ವರೂಪ ತಿಳಿದದ್ದು ೧೯೪೨ರ ಫೆಬ್ರವರಿ ೨೩ರ ಒಪ್ಪಂದದಲ್ಲಿ. ಅದರ ಏಳನೆಯ ಕಲಮು ವ್ಯಾಪಾರದಲ್ಲಿನ ತಾರತಮ್ಯವನ್ನು ತೊಡೆದುಹಾಕುವ ಗುರಿಯನ್ನು ಹೇಳುತ್ತದೆ. ಅದರ ಕಣ್ಣು ಬ್ರಿಟಿಷ್ ಸಾಮ್ರಾಜ್ಯದೊಳಗಿನ ಸುಂಕದ ರಿಯಾಯಿತಿಗಳ ಮೇಲಿತ್ತು.

ಯುದ್ಧ ಮುಗಿಯುವಷ್ಟರಲ್ಲಿ ಈ ಕಾಯಿದೆಯಡಿ ಸುಮಾರು ೫,೦೦೦ ಕೋಟಿ ಡಾಲರುಗಳ ನೆರವು ಹೋಗಿತ್ತು. ಅದರಲ್ಲಿ ಸುಮಾರು ೩,೧೦೦ ಕೋಟಿ ಬ್ರಿಟನ್ನಿನ ಪಾಲು. ಬಳಸಿ ಮುಗಿದುಹೋದದ್ದರ ಲೆಕ್ಕವನ್ನು ಅಮೆರಿಕ ಬಹುಮಟ್ಟಿಗೆ ಕೈಬಿಟ್ಟಿತು ಎಂಬುದನ್ನೂ ಹೇಳಲೇಬೇಕು. ಆದರೆ ೧೯೪೫ರ ಆಗಸ್ಟ್‌ನಲ್ಲಿ ನೆರವು ಥಟ್ಟನೆ ನಿಂತಾಗ ಬ್ರಿಟನ್ ಮತ್ತೆ ಅದೇ ನಿಷಿದ್ಧ ಪದದ ಬಾಗಿಲಿಗೆ ಹೋಗಬೇಕಾಯಿತು. ಶೇಕಡಾ ೨ರ ಬಡ್ಡಿಯಲ್ಲಿ ೩೭೫ ಕೋಟಿ ಡಾಲರುಗಳ ಸಾಲ ಪಡೆಯಿತು. ಅದರ ಕೊನೆಯ ಕಂತು ಸಂದಾಯವಾದದ್ದು ೨೦೦೬ರ ಡಿಸೆಂಬರ್ ೨೯ರಂದು. ಬೆಂಕಿ ಆರಿ ಅರುವತ್ತೊಂದು ವರ್ಷಗಳ ಮೇಲೆ!

೫

ಕೊಳವೆಯ ದೃಷ್ಟಾಂತದಲ್ಲಿ ನಮಗೆ, ಅಂದರೆ ವಸಾಹತುವಾಗಿದ್ದ ನಾಡಿನವರಿಗೆ, ಮುಖ್ಯವಾದ ಇನ್ನೊಂದು ಲೋಪವಿದೆ. ಬೆಂಕಿ ಬಿದ್ದ ಮನೆಯಲ್ಲಿ ಒಬ್ಬನೇ ಯಜಮಾನನಿದ್ದಾನೆ. ಆ ಮನೆಯಲ್ಲಿ ಇಷ್ಟವಿಲ್ಲದೆ ಇರಿಸಲ್ಪಟ್ಟವರೂ ಇದ್ದಾರೆ ಎಂಬುದು ಚಿತ್ರದಲ್ಲಿ ಬರುವುದಿಲ್ಲ. ೧೯೩೯ರ ಸೆಪ್ಟೆಂಬರ್ ೩ರಂದು ವೈಸರಾಯ್, ಭಾರತದ ಜನಪ್ರತಿನಿಧಿಗಳ ಅಭಿಪ್ರಾಯ ಕೇಳದೆ, ಭಾರತವೂ ಯುದ್ಧದಲ್ಲಿದೆ ಎಂದು ಸಾರಿದ್ದರು. ಅಟ್ಲಾಂಟಿಕ್ ಸನ್ನದಿನ ಸ್ವಾತಂತ್ರ್ಯದ ಮಾತು ಭಾರತಕ್ಕೆ ಅನ್ವಯಿಸುವುದಿಲ್ಲವೆಂದು ೧೯೪೧ರ ಸೆಪ್ಟೆಂಬರ್‌ನಲ್ಲಿ ಚರ್ಚಿಲ್ ಸ್ಪಷ್ಟಪಡಿಸಿದರು.

ಈ ಮಾತು ಬೆಂಗಳೂರಿಗೂ ಸಂಬಂಧಿಸಿದ್ದು. ರೂಸ್‌ವೆಲ್ಟ್ ಕೊಳವೆಯ ಮಾತಾಡಿದ ಅದೇ ಡಿಸೆಂಬರ್ ತಿಂಗಳಲ್ಲಿ ಮೈಸೂರು ಸಂಸ್ಥಾನದ ಪಾಲುದಾರಿಕೆಯೊಂದಿಗೆ ವಾಲ್‌ಚಂದ್ ಹಿರಾಚಂದ್ ಇಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದರು. ೧೯೪೨ರಲ್ಲಿ ಬ್ರಿಟಿಷ್ ಭಾರತ ಸರಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ೧೯೪೩ರಿಂದ ಅದು ಅಮೆರಿಕದ ವಾಯುಪಡೆಯ ವಿಮಾನಗಳನ್ನು ದುರಸ್ತಿ ಮಾಡುವ ಕೇಂದ್ರವಾಯಿತು. ಸ್ವಂತ ವಿಮಾನ ಕಟ್ಟಲು ಹೊರಟ ನಾಡು ಪರರ ಯುದ್ಧಯಂತ್ರದ ದುರಸ್ತಿಗೆ ಕೈಜೋಡಿಸಿತು. ಇದರಿಂದ ತಾಂತ್ರಿಕ ಕೌಶಲವೂ ಬೆಳೆಯಿತು ಎಂಬುದು ನಿಜ. ಆದರೆ ಆ ತೀರ್ಮಾನ ಇಲ್ಲಿಯ ಜನರದಾಗಿರಲಿಲ್ಲ.

೧೯೪೨ರ ಜುಲೈ ೧ರಂದು ಗಾಂಧೀಜಿ ರೂಸ್‌ವೆಲ್ಟರಿಗೆ ಬರೆದ ಪತ್ರವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಭಾರತ ಮತ್ತು ಆಫ್ರಿಕಾಗಳ ಶೋಷಣೆ ನಡೆದಿರುವವರೆಗೆ, ಅಮೆರಿಕದ ಸ್ವಂತ ಮನೆಯಲ್ಲೇ ನೀಗ್ರೋ ಸಮಸ್ಯೆ ಇರುವವರೆಗೆ, ಮಿತ್ರರಾಷ್ಟ್ರಗಳ ಸ್ವಾತಂತ್ರ್ಯದ ಘೋಷಣೆ ಪೊಳ್ಳಾಗಿ ಕೇಳುತ್ತದೆ ಎಂಬುದು ಅಲ್ಲಿಯ ಮುಖ್ಯ ವಾದ. ಹಾಗೆಂದು ಅವರು ಬಲರಾಮನಂತೆ ದೂರ ಸರಿಯಲಿಲ್ಲ. ಸ್ವತಂತ್ರ ಭಾರತದೊಡನೆ ಒಪ್ಪಂದ ಮಾಡಿಕೊಂಡು ಮಿತ್ರಪಡೆಗಳು ಇಲ್ಲಿ ಉಳಿಯಬಹುದೆಂದೂ ಬರೆದರು. ಮನೆಯ ಉಪಮಾನವನ್ನು ನಿರಾಕರಿಸದೆ, ಆ ಮನೆಯೊಳಗೆ ಯಾರು ಯಾರಿದ್ದಾರೆ ಎಂದು ಕೇಳಿದ್ದು ಈ ಪತ್ರದ ವಿಶೇಷ.

೬

೨೦೨೨ರ ಫೆಬ್ರವರಿ ೨೪ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ನಡೆಸಿದ ಮೇಲೆ ವಾಷಿಂಗ್ಟನ್ನಿನಲ್ಲಿ ಹಳೆಯ ಪರಿಭಾಷೆ ಮತ್ತೆ ಎದ್ದಿತು. ೧೯೪೧ರ ಕಾಯಿದೆಯ ಹೆಸರನ್ನೇ ಹೊತ್ತ ಹೊಸ ಕಾಯಿದೆಗೆ ಮೇ ೯ರಂದು ಅಂಕಿತ ಬಿತ್ತು; ಆದರೆ ಅದರಡಿ ಏನನ್ನೂ ಕಳಿಸದೆಯೇ ಅದರ ಅವಧಿ ಮುಗಿಯಿತು. ಆಯುಧಗಳು ಹೋದದ್ದು ಬೇರೆ ದಾರಿಗಳಿಂದ. ಕೊಳವೆಯ ಹೆಸರು ಉಳಿದಿತ್ತು, ಅದರ ನೆರೆಹೊರೆಯ ಭಾವ ಉಳಿದಿರಲಿಲ್ಲ. ವಿರೋಧದ ಕಡೆಯಿಂದ ಕೆವಿನ್ ಮೆಕಾರ್ಥಿಯವರು ಖಾಲಿ ಚೆಕ್ಕು ಬರೆದುಕೊಡಲಾಗದು ಎಂಬ ಮಾತನ್ನು ತಂದರು. ಚರ್ಚೆ ಅಂಗಳದಿಂದ ಬ್ಯಾಂಕಿಗೆ ಸ್ಥಳಾಂತರವಾಗಿತ್ತು.

ಇದಕ್ಕೆ ಉತ್ತರವೆಂಬಂತೆ ೨೦೨೨ರ ಡಿಸೆಂಬರ್ ೨೧ರಂದು ಅಮೆರಿಕದ ಸಂಸತ್ತಿನಲ್ಲಿ ಮಾತಾಡಿದ ಅಧ್ಯಕ್ಷ ಜೆಲೆನ್‌ಸ್ಕಿ, ನಿಮ್ಮ ಹಣ ದಾನವಲ್ಲ, ಜಗತ್ತಿನ ಭದ್ರತೆಗೆ ಮತ್ತು ಪ್ರಜಾಪ್ರಭುತ್ವಕ್ಕೆ ಹೂಡಿದ ಬಂಡವಾಳ ಎಂಬರ್ಥದ ಮಾತು ಹೇಳಿದರು. ಇದು ಶುದ್ಧ ಅಪಹ್ನುತಿ: ಇರುವುದನ್ನು ನಿಷೇಧಿಸಿ ಇನ್ನೊಂದನ್ನು ಸ್ಥಾಪಿಸುವ ಅಲಂಕಾರ. ೧೯೪೦ರಲ್ಲಿ ಅಲಂಕಾರವನ್ನು ಕಟ್ಟಿದವನು ಕೊಡುವವನು. ಇಲ್ಲಿ ಕಟ್ಟಿದವನು ಪಡೆಯುವವನು. ದಾಳಿಗೊಳಗಾದ ನಾಡಿನ ನಾಯಕ ಭಿಕ್ಷೆಯ ಅವಮಾನವನ್ನು ತೊಡೆದುಕೊಳ್ಳಲು ಈ ಮಾತನ್ನು ಆರಿಸಿಕೊಂಡದ್ದು ಅರ್ಥವಾಗುವಂಥದು. ಆದರೆ ಬಂಡವಾಳವೆಂದ ಮೇಲೆ ಲಾಭವೆಲ್ಲಿ ಎಂದು ಕೇಳುವ ಹಕ್ಕೂ ಅದರ ಬೆನ್ನಿಗೇ ಬರುತ್ತದೆ.

ಆ ಪ್ರಶ್ನೆ ಬಂದೇ ಬಂತು. ೨೦೨೪ರ ಏಪ್ರಿಲ್ ೨೦ರಂದು ಸುಮಾರು ೬,೧೦೦ ಕೋಟಿ ಡಾಲರುಗಳ ನೆರವು ಪ್ರತಿನಿಧಿ ಸಭೆಯಲ್ಲಿ ೩೧೧ಕ್ಕೆ ೧೧೨ ಮತಗಳಿಂದ ಅಂಗೀಕಾರವಾದಾಗ, ಅದರ ಆರ್ಥಿಕ ಭಾಗಕ್ಕೆ ಮನ್ನಾ ಮಾಡಬಹುದಾದ ಸಾಲದ ರೂಪ ಕೊಡಲಾಯಿತು. ೨೦೨೫ರ ಏಪ್ರಿಲ್ ೩೦ರಂದು ಉಕ್ರೇನಿನ ಖನಿಜಸಂಪತ್ತಿಗೆ ಸಂಬಂಧಿಸಿದಂತೆ ಎರಡೂ ದೇಶಗಳು ಜಂಟಿ ಹೂಡಿಕೆ ನಿಧಿಯ ಒಪ್ಪಂದಕ್ಕೆ ಸಹಿ ಮಾಡಿದವು. ಹಿಂದಿನ ನೆರವನ್ನು ಸಾಲವೆಂದು ಅದರಲ್ಲಿ ಎಣಿಸಿಲ್ಲ. ಆದರೆ ಮುಂದೆ ಕೊಡುವ ಸೇನಾನೆರವನ್ನು ಅಮೆರಿಕದ ಬಂಡವಾಳವೆಂದೇ ಲೆಕ್ಕ ಹಿಡಿಯಲು ಅವಕಾಶವಿದೆ. ಒಂದು ಭಾಷಣದ ಅಲಂಕಾರವೇ ಈ ಒಪ್ಪಂದವನ್ನು ಹುಟ್ಟಿಸಿತೆಂದರೆ ಅತಿಯಾದೀತು. ಅಧಿಕಾರ ಬದಲಾದದ್ದು, ಯುದ್ಧ ಎಳೆದದ್ದು ಎಲ್ಲವೂ ಕಾರಣಗಳೇ. ಆದರೆ ಅಪಹ್ನುತಿಯಲ್ಲಿ ಅಲಂಕಾರವಾಗಿದ್ದ 'ಬಂಡವಾಳ' ಒಪ್ಪಂದದಲ್ಲಿ ವಾಚ್ಯಾರ್ಥವಾಗಿ ಬಂದು ಕುಳಿತಿದೆ ಎಂಬುದನ್ನು ಗಮನಿಸದಿರಲಾಗದು.

೭

ಈ ಓದಿನ ತಾತ್ಪರ್ಯ ೧೯೪೧ರ ನೆರವು ತಪ್ಪೆಂದಾಗಲಿ, ಉಕ್ರೇನಿಗೆ ಆಯುಧ ಕೊಡಬಾರದೆಂದಾಗಲಿ ಅಲ್ಲ. ಹಿಟ್ಲರನ ಎದುರು ಬ್ರಿಟನ್ ನಿಲ್ಲದೇ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಗಂಭೀರವಾಗಿ ಯೋಚಿಸುವ ಯಾರೂ ಅಂಥ ತೀರ್ಪನ್ನು ಹಗುರವಾಗಿ ಕೊಡಲಾರರು. ಪ್ರಶ್ನೆ ಇರುವುದು, ಸರಿಯಾದ ತೀರ್ಮಾನವನ್ನೂ ಜನರು ಅದರ ಪೂರ್ಣ ಬೆಲೆಯನ್ನು ತಿಳಿದು ಒಪ್ಪಿದರೆ ಎಂಬಲ್ಲಿ. ಒಂದು ಅಲಂಕಾರ ನಮ್ಮನ್ನು ಒಪ್ಪಿಸಿದಾಗ, ಅದರಲ್ಲಿ ಸತ್ತವರು ಎಲ್ಲಿದ್ದಾರೆ, ಮನೆಯೊಳಗೆ ಯಾರು ಯಾರಿದ್ದಾರೆ, ಬೆಂಕಿ ಆರಿದ ಮೇಲೆ ಯಾರು ಏನನ್ನು ಕೇಳಲಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನಾದರೂ ನಾವು ಹಾಕಬೇಕು.

ದ್ವಾರಕೆಯಲ್ಲಿ ಕೃಷ್ಣ ಕೊಳವೆಯ ಮಾತನ್ನೂ ಬಂಡವಾಳದ ಮಾತನ್ನೂ ಆಡಲಿಲ್ಲ. ಇದು ಸೇನೆ, ಇದು ಆಯುಧ ಹಿಡಿಯದ ನಾನು ಎಂದು ಎರಡನ್ನೂ ಅವುಗಳ ಹೆಸರಿನಿಂದಲೇ ಕರೆದು ಮುಂದಿಟ್ಟ. ಆರಿಸಿಕೊಂಡವರಿಗೆ ತಾವು ಏನನ್ನು ಆರಿಸಿಕೊಂಡೆವೆಂಬುದು ತಿಳಿದಿತ್ತು. ಅದರ ಪರಿಣಾಮ ಕುರುಕ್ಷೇತ್ರವೇ ಆಯಿತು. ನೇರ ಮಾತು ಯುದ್ಧವನ್ನು ತಪ್ಪಿಸಲಿಲ್ಲ. ಆದರೆ ಪ್ರಜೆಗಳ ಹೆಸರಿನಲ್ಲಿ ಆಯುಧ ಕಳಿಸುವ ಸಭೆಗಳಿಂದ ಅಷ್ಟು ನೇರ ಮಾತನ್ನಾದರೂ ಕೇಳುವ ಹಕ್ಕು ಪ್ರಜೆಗಳಿಗಿದೆ.